ಉಮ್ಮ್ ಸಲಾಲ್‌ನಲ್ಲಿದ್ದೇ ಊರಿನ ಪಹಣಿ, ನಮೂನೆ 9 ಪಡೆಯಿರಿ

ಕತಾರ್‌ನ ಉಮ್ಮ್ ಸಲಾಲ್ ಸುತ್ತಮುತ್ತ ದುಡಿಯುವ ಕನ್ನಡಿಗರಿಗೆ ಊರಿನ ಜಮೀನು, ನಿವೇಶನದ ಕಾಗದಪತ್ರ ಬೇಕಾದಾಗ ಮೊದಲು ನೆನಪಾಗುವುದು ಏಜೆಂಟರು. ಅವರಿಗೆ ಕೊಡುವ ಹಣದಲ್ಲಿ ಪಂಚಾಯಿತಿಗಾಗಲಿ ಸರ್ಕಾರಕ್ಕಾಗಲಿ ಸೇರುವುದು ಅಲ್ಪ. ದಾಖಲೆಯ ಶುಲ್ಕವೂ ಸಾರ್ವಜನಿಕ ಆದಾಯವೇ. 2001ರ ಸುಮಾರಿಗೆ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆ ತಾಲ್ಲೂಕುಗಳಿಗೆಲ್ಲ ಹಬ್ಬಿದಾಗ ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಪಹಣಿ ಕೊಡುವ ಕಿಯೋಸ್ಕ್‌ಗಳ ಖರ್ಚು ನಡೆದದ್ದು ಅದರಿಂದಲೇ.

ಮೊದಲು ಊರಿನ ಮೊಬೈಲ್ ಸಂಖ್ಯೆಯನ್ನು ರೋಮಿಂಗ್‌ನಲ್ಲಿ ಚಾಲೂ ಇಡಿ. ಒಟಿಪಿ ಬಾರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಆಮೇಲೆ ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟು ಪಹಣಿ ನೋಡಿ. ನೋಡಲು ಹಣ ಬೇಡ, ಡಿಜಿಟಲ್ ಸಹಿಯ ಪ್ರತಿಗೆ ಮಾತ್ರ ಶುಲ್ಕ. ಈ ಪದ್ಧತಿಯೇ ಸರಿ: ಮಾಹಿತಿ ಎಲ್ಲರಿಗೂ ತೆರೆದಿರಬೇಕು, ದೃಢೀಕರಣದ ಕೆಲಸಕ್ಕಷ್ಟೇ ಬೆಲೆ ಇರಬೇಕು. ದುಡ್ಡು ಕಟ್ಟುವ ಮುಂಚೆ ಮೂರು ಕಾಲಂ ಓದಿ. 9ರಲ್ಲಿ ಕಬ್ಜೆದಾರರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ತೀರಿಸಿದ ಬ್ಯಾಂಕ್ ಸಾಲ 11ರಲ್ಲಿ ಇನ್ನೂ ಉಳಿದಿದ್ದರೆ, ಜಮೀನು ಮಾರುವ ಹೊತ್ತಿಗೆ ತೊಡಕಾಗುತ್ತದೆ. ಈಗಲೇ ಬ್ಯಾಂಕಿನ ಋಣಮುಕ್ತ ಪತ್ರ ಕೊಡಿಸಿ ತೆಗೆಸಿ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನಕ್ಕೆ ಬೇಕಾದದ್ದು ಇ-ಸ್ವತ್ತು ದಾಖಲೆ: ನಮೂನೆ 9 ಅಥವಾ 11. ಇದು ಪಂಚಾಯಿತಿಗೆ ಎರಡು ಬಗೆಯಲ್ಲಿ ಹಣ ತರುತ್ತದೆ, ನಕಲಿನ ಶುಲ್ಕ ಸಣ್ಣದು, ಆಸ್ತಿ ತೆರಿಗೆ ದೊಡ್ಡದು. ಪಂಚಾಯಿತಿಯ ಆಸ್ತಿ ಪಟ್ಟಿಯಲ್ಲಿಲ್ಲದ ಮನೆಯಿಂದ ತೆರಿಗೆ ಬರುವುದಿಲ್ಲ, ಬೀದಿದೀಪದ ಬಲ್ಬಿಗೂ ಪಂಚಾಯಿತಿ ಅನುದಾನಕ್ಕೆ ಕಾಯಬೇಕಾಗುತ್ತದೆ. ಹಾಗಾಗಿ ಅಳತೆ, ಚೆಕ್ಕುಬಂದಿ ತಪ್ಪಿದ್ದರೆ ಸುಮ್ಮನಿರಬೇಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತ ಅರ್ಜಿ ಕೊಡಿಸಿ. ಬಾಕಿ ತೆರಿಗೆಯನ್ನೂ ಕಟ್ಟಿ, ರಸೀದಿ ತೆಗೆದಿಡಿ.

ಫೋನ್ ಮಾಡಲು ಶುಕ್ರವಾರ ಒಳ್ಳೆಯದು. ನಿಮಗೆ ರಜೆ, ಊರಿನ ಕಚೇರಿಗೆ ಕೆಲಸದ ದಿನ. ಕತಾರ್ ಎರಡೂವರೆ ಗಂಟೆ ಹಿಂದಿರುವುದರಿಂದ ಇಲ್ಲಿನ ಏಳೂವರೆ ಎಂದರೆ ಅಲ್ಲಿ ಬೆಳಗಿನ ಹತ್ತು.

ಕ್ರಯ ಅಥವಾ ಸಾಲದ ಮಾತಿದ್ದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ. ಸಹಿಗೆ ಊರಿಗೆ ಹೋಗಲಾಗದವರು ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರ ಪತ್ರ ದೃಢೀಕರಿಸಿ ಕಳಿಸಬಹುದು. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.