ಓಟದ ಪಾದರಕ್ಷೆ: ಹೊಸಬರು ಅರಿಯಬೇಕಾದುದು

ಶರಣ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಸಿದ್ಧಪಡಿಸಿದ ಪ್ರಸಂಗವನ್ನು ಕೇಳದ ಭಕ್ತರಿಲ್ಲ. ಪಾದರಕ್ಷೆಯನ್ನಾಗಲಿ ಅದನ್ನು ಹೊಲಿಯುವ ಕಾಯಕವನ್ನಾಗಲಿ ಕೀಳೆಂದು ಬಗೆಯದ ಪರಂಪರೆ ನಮ್ಮದು. ಆದರೂ ಉಡುಪನ್ನು ಆರಿಸುವಾಗ ತೋರುವ ಎಚ್ಚರವನ್ನು ಪಾದರಕ್ಷೆಯ ವಿಷಯದಲ್ಲಿ ನಾವು ತೋರುವುದಿಲ್ಲ. ನಲವತ್ತು ದಾಟಿದ ಮೇಲೆ ವೈದ್ಯರ ಮಾತಿಗೆ ಓಗೊಟ್ಟೋ, ಮಕ್ಕಳು ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟದ್ದನ್ನು ಕಂಡೋ ಬೆಳಗಿನ ಓಟವನ್ನು ಆರಂಭಿಸುವವರು ಮನೆಯಲ್ಲಿದ್ದ ಹಳೆಯ ಕ್ಯಾನ್ವಾಸ್ ಶೂ ತೊಟ್ಟು ಹೊರಡುತ್ತಾರೆ. ತಿಂಗಳೊಳಗೆ ಮುಂಗಾಲಿನ ಎಲುಬಿನುದ್ದಕ್ಕೂ ನೋವು, ಹಾಸಿಗೆಯಿಂದೆದ್ದು ನೆಲಕ್ಕೆ ಕಾಲಿಟ್ಟೊಡನೆ ಹಿಮ್ಮಡಿಯಲ್ಲಿ ಚುಚ್ಚಿದಂತಹ ಅನುಭವ. ಓಟ ತಮ್ಮ ದೇಹಕ್ಕೆ ಒಗ್ಗದೆಂದು ತೀರ್ಮಾನಿಸಿ ಅಲ್ಲಿಗೇ ಕೈಬಿಡುತ್ತಾರೆ. ಇದಕ್ಕೆಲ್ಲ ಶೂ ಒಂದೇ ಕಾರಣವಲ್ಲ. ಮೊದಲ ವಾರದಲ್ಲೇ ಮಿತಿಮೀರಿ ಓಡುವ ಆತುರದ ಪಾಲು ಅದಕ್ಕಿಂತ ದೊಡ್ಡದು. ಆದರೆ ಶೂ ಸುಲಭವಾಗಿ ಸರಿಪಡಿಸಬಹುದಾದ ಸಂಗತಿ.

ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ನಿಧಾನವಾಗಿ ಓಡುವವರು ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಹಾಕುತ್ತಾರೆ. ಕಾಲಿಗೆ ಹೊಂದದ ಶೂವಿನ ಸಣ್ಣ ಉಜ್ಜುವಿಕೆಯೂ ಸಾವಿರ ಸಲ ಆದಾಗ ಗಾಯವಾಗುತ್ತದೆ.

ಅಳತೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪಾದಗಳು ದಿನ ಕಳೆದಂತೆ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಅಂಗಡಿಗೆ ಹೋಗುವುದು ಲೇಸು. ಓಡುವಾಗ ಧರಿಸುವ ಕಾಲುಚೀಲವನ್ನೇ ಕೊಂಡೊಯ್ಯಬೇಕು. ಕುಳಿತು ನೋಡಿದರೆ ಸಾಲದು. ಎರಡೂ ಶೂ ತೊಟ್ಟು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು. ಕೆಲವರಿಗೆ ಆ ಉದ್ದದ ಬೆರಳು ಎರಡನೆಯದು ಎಂಬುದನ್ನು ಮರೆಯಬಾರದು. ಎರಡು ಪಾದಗಳು ಸಮನಾಗಿರುವುದು ಅಪರೂಪ, ದೊಡ್ಡದಕ್ಕೆ ಹೊಂದುವುದನ್ನೇ ಕೊಳ್ಳಬೇಕು. ಬರಿಗಾಲಿನಲ್ಲೋ ಚಪ್ಪಲಿಯಲ್ಲೋ ಬೆಳೆದ ನಮ್ಮ ಹಳ್ಳಿಯವರ ಪಾದದ ಮುಂಭಾಗ ಅಗಲವಾಗಿರುವುದುಂಟು. ಅಂಥವರು ಬಿಗಿಯೆಂದು ಇನ್ನೊಂದು ಅಳತೆ ಉದ್ದದ ಶೂ ಕೊಂಡರೆ ಹಿಮ್ಮಡಿ ಜಾರುತ್ತದೆ. ಅದೇ ಉದ್ದದಲ್ಲಿ ಅಗಲವಾದದ್ದನ್ನು ಕೇಳಬೇಕು. ಪುರುಷರ ಶೂಗಳಲ್ಲಿ 2ಇ, ಮಹಿಳೆಯರ ಶೂಗಳಲ್ಲಿ ಡಿ ಎಂಬ ಗುರುತು ಅಗಲವಾದದ್ದನ್ನು ಸೂಚಿಸುತ್ತದೆ. ಬಳಿಕ ಅಂಗಡಿಯಲ್ಲೇ, ಸಂಕೋಚಪಡದೆ, ನಾಲ್ಕು ಹೆಜ್ಜೆ ಓಡಿ ನೋಡಬೇಕು. ಬಳಸುತ್ತಾ ಸಡಿಲವಾಗುತ್ತದೆ ಎಂದು ಮಾರುವವರು ಹೇಳಿದರೆ ನಂಬಬಾರದು.

ಪಾದದ ಕಮಾನು ಚಪ್ಪಟೆಯೋ ಎತ್ತರವೋ ನೋಡಿ ಅದಕ್ಕೆ ತಕ್ಕ ಶೂ ಆರಿಸಬೇಕೆಂಬುದು ಬಹುಕಾಲದಿಂದ ಬಂದ ಸಲಹೆ. ಅಮೆರಿಕದ ಸೇನಾ ತರಬೇತಿಯಲ್ಲಿ ಹಾಗೆ ಪಾದದ ಆಕಾರ ನೋಡಿ ಶೂ ಹಂಚಿದಾಗ ಗಾಯಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕಾಲಿಗೆ ಹಿತವೆನಿಸಿದ್ದನ್ನೇ ಆರಿಸುವುದು ಒಳ್ಳೆಯದೆಂದು ಕೆನಡಾದ ಸಂಶೋಧಕ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ವಾದಿಸಿದರು. ನಮಗೂ ಇದೇ ಸರಿಯೆನಿಸುತ್ತದೆ.

ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿಯ ಭಾಗ ಬೆರಳಿನ ಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರವಿರುತ್ತದೆ. ಈ ಅಂತರ ತೀರ ಕಡಿಮೆಯಿದ್ದರೆ ಮೀನಖಂಡದ ಮೇಲೂ ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೂ ಹೊರೆ ಹೆಚ್ಚುತ್ತದೆ. ಆದ್ದರಿಂದ ಹೊಸಬರಿಗೆ ಅದು ಬೇಡ. ಅಟ್ಟೆಯೊಳಗೆ ಇಂಗಾಲದ ಎಳೆಯ ತಗಡಿರುವ ದುಬಾರಿ ಶೂಗಳು ಸ್ಪರ್ಧಾಳುಗಳಿಗಾಗಿ ಮಾಡಿದವು. ಆ ಹಣ ಉಳಿಸಬಹುದು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದದ್ದು ಬರಿಗಾಲಿನಲ್ಲಿ. ಕೊಟ್ಟ ಶೂ ಕಾಲಿಗೆ ಹೊಂದದ ಕಾರಣ ಅದನ್ನು ಬದಿಗಿಟ್ಟರೆಂದು ಹೇಳುತ್ತಾರೆ. ನಾಲ್ಕು ವರ್ಷಗಳ ಬಳಿಕ ಟೋಕಿಯೋದಲ್ಲಿ ಶೂ ಧರಿಸಿಯೂ ಅವರೇ ಗೆದ್ದರು. ಅವರಿಗಿದ್ದ ಬರಿಗಾಲಿನ ಅಭ್ಯಾಸ ನಮಗಿಲ್ಲ, ನಮ್ಮ ರಸ್ತೆಗಳ ಗಾಜು ಮೊಳೆಗಳೂ ಕಡಿಮೆಯಲ್ಲ.

ಒಂದು ಜೊತೆ ಶೂ ಸುಮಾರು 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ ಮೂರು ದಿನ ಐದೈದು ಕಿಲೋಮೀಟರ್ ಓಡುವವರಿಗೆ ಅದು ಎಂಟು ತಿಂಗಳಿಂದ ಒಂದು ವರ್ಷ. ಹೊರಗೆ ಚೆನ್ನಾಗಿಯೇ ಕಂಡರೂ ಒಳಗಿನ ಮೆತ್ತೆ ಸತ್ತಿರಬಹುದು. ನೆನೆದಾಗ ಬಿಸಿಲಿಗೆ ಒಡ್ಡದೆ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಚರ್ಮ ಬೇಡವೆನ್ನುವ ಭಕ್ತರಿಗೂ ತೊಡಕಿಲ್ಲ; ಇಂದಿನ ಓಟದ ಶೂಗಳಲ್ಲಿ ಬಹುಪಾಲು ಕೃತಕ ಬಟ್ಟೆಯವು. ಆದರೂ ಒಳಗಿನ ಚೀಟಿ ಓದಿ ಕೊಳ್ಳಬೇಕು.

ಮಧುಮೇಹವುಳ್ಳವರಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಅವರ ಪಾದದ ಸಂವೇದನೆ ಕುಗ್ಗಿದ್ದರೆ ಶೂ ಕಚ್ಚಿದ್ದು, ಹರಳು ಸೇರಿದ್ದು ತಿಳಿಯುವುದೇ ಇಲ್ಲ. ತಿಳಿಯುವ ಹೊತ್ತಿಗೆ ಹುಣ್ಣಾಗಿರುತ್ತದೆ, ಬೆರಳನ್ನೇ ಕಳೆದುಕೊಂಡವರಿದ್ದಾರೆ. ಅವರು ವೈದ್ಯರಿಗೆ ಪಾದ ತೋರಿಸದೆ ಓಟ ಆರಂಭಿಸಬಾರದು. ಪ್ರತಿ ಸಲವೂ ಶೂವಿನೊಳಗೆ ಕೈಯಾಡಿಸಿ ತೊಡಬೇಕು, ರಾತ್ರಿ ಅಂಗಾಲನ್ನು ಕನ್ನಡಿಯಲ್ಲಾದರೂ ನೋಡಿಕೊಳ್ಳಬೇಕು.

ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೂ ಇದೇ ಅಳತೆಯ ಕ್ರಮ ಅನ್ವಯಿಸುತ್ತದೆ. ಹಲವು ದಿನಗಳ ನಡಿಗೆಯಲ್ಲಿ ಪಾದ ಇನ್ನೂ ಊದುವುದರಿಂದ ಮುಂದೆ ಜಾಗ ತುಸು ಹೆಚ್ಚೇ ಇರಲಿ. ಹೊರಡುವ ಹಿಂದಿನ ದಿನ ಹೊಸ ಶೂ ಕೊಳ್ಳದೆ, ಒಂದು ತಿಂಗಳು ಮೊದಲೇ ಕೊಂಡು ದಿನವೂ ಅದರಲ್ಲೇ ನಡೆದಿರಬೇಕು.