ಓಟ ಗೆದ್ದ ಮೇಲಿನ ತಿಂಗಳುಗಳು

ಕಾನ್‌ಸ್ಟೆಬಲ್ ಆಗಬೇಕೆನ್ನುವ ಯಾವ ಹುಡುಗನನ್ನಾದರೂ ಮಾತಾಡಿಸಿ ನೋಡಿ. 1600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನೊಳಗೆ, 7.26 ಕೆ.ಜಿ. ಗುಂಡು 5.60 ಮೀಟರ್ ದೂರಕ್ಕೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ ಅಂತ ಒಂದೇ ಉಸಿರಿಗೆ ಹೇಳುತ್ತಾನೆ. ವಿಜಯಪುರ, ಧಾರವಾಡದ ಕೋಚಿಂಗ್ ಸೆಂಟರುಗಳಲ್ಲಿ ವರ್ಷಗಟ್ಟಲೆ ಕೂತವರಿಗೆ ಇದೆಲ್ಲ ಬಾಯಿಪಾಠ. ಆದೇಶ ಪತ್ರ ಬಂದ ಮೇಲೆ ತರಬೇತಿ ಶಾಲೆಯಲ್ಲಿ ಏನು ಕಾದಿದೆ ಎಂದು ಕೇಳಿ, ಮಾತೇ ಹೊರಡುವುದಿಲ್ಲ. ಓಟ ಆರೂವರೆ ನಿಮಿಷದ್ದು, ತರಬೇತಿ ತಿಂಗಳುಗಟ್ಟಲೆಯದು. ತಯಾರಿ ಮಾತ್ರ ಆರೂವರೆ ನಿಮಿಷಕ್ಕಷ್ಟೇ.

ತರಬೇತಿಯ ಒತ್ತಡ ಅಂದರೆ ದಂಡ, ಬಸ್ಕಿ, ಬಿಸಿಲು ಅಂತ ಹೊರಗಿನವರು ತಿಳಿಯುತ್ತಾರೆ. ಮೈನೋವು ಕೆಲವು ವಾರಗಳಲ್ಲಿ ಒಗ್ಗಿಹೋಗುತ್ತದೆ. ಕಾಡುವುದು, ನಮ್ಮ ಹೊತ್ತು ನಮ್ಮ ಕೈಯಲ್ಲಿ ಇಲ್ಲದಿರುವುದು. ನಸುಕಿಗೇ ಸೀಟಿ. ಪಿ.ಟಿ., ತಿಂಡಿ, ಪರೇಡ್, ಕಾನೂನಿನ ಕ್ಲಾಸು, ಲಾಠಿ ಡ್ರಿಲ್, ಸಂಜೆ ಆಟ, ರಾತ್ರಿ ರೋಲ್ ಕಾಲ್. ಇದರ ಸಂದಿಯಲ್ಲೇ ಬಟ್ಟೆ ಒಗೆಯಬೇಕು, ಬೂಟಿಗೆ ಪಾಲಿಶ್, ಬೆಲ್ಟಿನ ಹಿತ್ತಾಳೆಗೆ ಬ್ರಾಸೋ ಹಚ್ಚಬೇಕು, ಕಿತ್ತುಹೋದ ಗುಂಡಿ ಹೊಲಿಯಬೇಕು. ಮನೆಯಲ್ಲಿ ಅವ್ವನ ಕೈಲಿ ಎಲ್ಲ ಮಾಡಿಸಿಕೊಂಡು ಬೆಳೆದ ನಮ್ಮಂಥ ಗಂಡುಹುಡುಗರಿಗೆ ಸೂಜಿಗೆ ದಾರ ಪೋಣಿಸುವುದೇ ಮೊದಲ ಪಾಠ. ಅದಕ್ಕೇ ಹೇಳುತ್ತೇನೆ, ಸೇರುವ ಎರಡು ತಿಂಗಳು ಮೊದಲೇ ಐದಕ್ಕೆ ಏಳಿ, ಹತ್ತು ನಿಮಿಷದಲ್ಲಿ ಊಟ ಮುಗಿಸಿ, ನಿಮ್ಮ ಬಟ್ಟೆ ನೀವೇ ಒಗೆಯಿರಿ. ಕೈಗೆ ರೂಢಿಯಾದ ಕೆಲಸ ತಲೆಯನ್ನು ತಿನ್ನುವುದಿಲ್ಲ.

ಊಟದ ಮಾತು. ಜೋಳದ ರೊಟ್ಟಿಯ ನಾಡಿನಿಂದ ಮುದ್ದೆಯ ನಾಡಿಗೆ ತರಬೇತಿಗೆಂದು ಹೋಗಿ ಬಿದ್ದವನು ನಾನು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಪಕ್ಕದ ಮಂಚದ ಮಂಡ್ಯದ ಗೆಳೆಯ ಹೇಳಿಕೊಟ್ಟ. ಆ ಗೆಳೆತನ ಮುದ್ದೆಯಿಂದಲೇ ಶುರುವಾಯಿತು.

ಇನ್ನು ಡ್ರಿಲ್ ಕಲಿಸುವ ಉಸ್ತಾದರ ಬೈಗುಳ. "ಏಯ್ ಮೂರನೇ ಸಾಲು, ದಿಬ್ಬಣ ಹೊಂಟಿದೀರೇನ್ರೋ?" ಅನ್ನುವ ಕೂಗಿಗೆ ಮೊದಲ ವಾರ ಕಣ್ಣಲ್ಲಿ ನೀರು ಬಂದವರು ನನ್ನ ಬ್ಯಾರಕ್ಕಿನಲ್ಲೇ ಇದ್ದರು. ಎಂ.ಎ., ಬಿ.ಎಡ್. ಮಾಡಿಕೊಂಡು ಬಂದವರಿಗೆ ಅದು ಇನ್ನೂ ಚುಚ್ಚುತ್ತಿತ್ತು. ಒಬ್ಬನ ಹೆಜ್ಜೆ ತಪ್ಪಿದರೆ ಇಡೀ ಸ್ಕ್ವಾಡ್ ಮೈದಾನ ಸುತ್ತಬೇಕು. ಇದು ಅನ್ಯಾಯ ಅಂತ ನನಗೆ ಬಹಳ ದಿನ ಅನ್ನಿಸಿತ್ತು, ಈಗಲೂ ಪೂರ್ತಿ ಒಪ್ಪುವುದಿಲ್ಲ. ಆದರೆ ಬಂದೋಬಸ್ತಿನಲ್ಲಿ ಕಲ್ಲು ತೂರುವ ಗುಂಪಿನೆದುರು ನಿಂತಾಗ, ಬೈಗುಳ ಕಿವಿಗೆ ಬಿದ್ದರೂ ಕೈ ಲಾಠಿ ಎತ್ತದೆ ನಿಂತದ್ದು ಆ ಮೈದಾನದ ಅಭ್ಯಾಸದಿಂದಲೇ. ಕೂಗಿನಲ್ಲಿ ಎರಡು ಭಾಗ ಇರುತ್ತದೆ: ತಿದ್ದುವ ಮಾತು, ಬರೀ ಸದ್ದು. "ಮೊಣಕೈ ನೇರ" ಅನ್ನುವಷ್ಟನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಮೈದಾನದಲ್ಲೇ ಬಿಟ್ಟು ಬಂದವರು ಚೆನ್ನಾಗಿ ನಿದ್ದೆ ಮಾಡಿದರು. ಜಾತಿ ಎತ್ತಿ, ತಾಯಿ ಎತ್ತಿ ಬೈದರೆ ಅದು ತರಬೇತಿಯಲ್ಲ. ಅದನ್ನು ಮೇಲಿನವರ ಗಮನಕ್ಕೆ ತರಲೇಬೇಕು.

ಬಿಸಿಲಲ್ಲಿ ಸಾವಧಾನದಲ್ಲಿ ನಿಂತು ದೊಪ್ಪನೆ ಬೀಳುವವರನ್ನು ಮೊದಲ ತಿಂಗಳು ದಿನಾ ನೋಡಬಹುದು. ಮಂಡಿ ಬಿಗಿಹಿಡಿದು ಅಲ್ಲಾಡದೆ ನಿಂತರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆಗೆ ಸಾಲದಾಗುತ್ತದೆ. ಬೂಟಿನೊಳಗೆ ಬೆರಳು ಆಡಿಸುತ್ತ, ಮಂಡಿ ತುಸು ಸಡಿಲ ಬಿಟ್ಟು ನಿಂತರೆ ಬೀಳುವುದು ತಪ್ಪುತ್ತದೆ, ಹೊರಗೆ ಯಾರಿಗೂ ಕಾಣುವುದೂ ಇಲ್ಲ.

ನನ್ನ ಕಣ್ಣೆದುರೇ ಕೆಟ್ಟದ್ದು ಇನ್ನೊಂದು. ಮೊಣಕಾಲ ಕೆಳಗಿನ ಮುಂಗಾಲ ಮೂಳೆ ನೋಯುತ್ತಿದ್ದ ಒಬ್ಬ ಸಿಕ್ ರಿಪೋರ್ಟ್ ಹಾಕಲಿಲ್ಲ. 'ಕಳ್ಳಾಟ' ಅನ್ನಿಸಿಕೊಳ್ಳುವ ಭಯ. ನೋವಿನ ಮುಲಾಮು ತಿಕ್ಕಿ, ಮಾತ್ರೆ ನುಂಗಿ ಓಡಿದ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು ವಾರಗಟ್ಟಲೆ ಕುಂಟಿದ. ಸ್ನಾಯುವಿನ ಸಾಧಾರಣ ನೋವು ಓಡಿದಂತೆ ಹೆಚ್ಚಾಗಿ ಸಡಿಲವಾಗುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ, ಓಡಿದಷ್ಟೂ ಹೆಚ್ಚುವ ನೋವು ಮೂಳೆಯದಿರಬಹುದು. ಭಾರೀ ಕಸರತ್ತಿನ ನಂತರ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸೂಚನೆ ಅದಾಗಿರಬಹುದು. ಇವೆಲ್ಲ ಬಾರದಿರಲು ಇರುವ ದಾರಿ, ಮೊದಲೇ ನಾಲ್ಕೈದು ಕಿಲೋಮೀಟರ್ ನಿಧಾನವಾಗಿ ಓಡುತ್ತ ವಾರ ವಾರ ಸ್ವಲ್ಪವೇ ಹೆಚ್ಚಿಸುವುದು. ಗಡಿಯಾರ ಹಿಡಿದು 1600 ಮೀಟರನ್ನೇ ಓಡುತ್ತಿದ್ದರೆ ಸಾಲದು.

ಕ್ಲಾಸಿನಲ್ಲಿ ತೂಕಡಿಕೆ ದೊಡ್ಡ ಶತ್ರು, ಕಲಿಯಬೇಕಾದ ಕಾನೂನೋ ಹೊಸದು. 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಸಿನಿಮಾದ ತ್ರೀ ನಾಟ್ ಟೂ ಹೋಗಿದೆ. ಕೊಲೆಗೆ ಈಗ ಕಲಂ 103, ವಂಚನೆಯ 420ರ ಜಾಗಕ್ಕೆ 318. ಎಫ್‌ಐಆರ್ ದಾಖಲಿಸುವುದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಡಿ. ಈ ಹೊಸ ಕಾನೂನು ಪುಸ್ತಕಗಳ ಕನ್ನಡ ಪ್ರತಿ ಮನೆಯಲ್ಲೇ ಒಮ್ಮೆ ಓದಿಕೊಂಡು ಬಂದವರಿಗೆ ಪರೀಕ್ಷೆಯ ಚಿಂತೆ ಅರ್ಧ ಕಡಿಮೆ.

ಮನೆಯ ವ್ಯವಹಾರವನ್ನು ಮುಗಿಸಿಯೇ ಹೋಗಿ. ಕೈಸಾಲದ ಕಂತು ಯಾರು ಕಟ್ಟುತ್ತಾರೆ, ಹೊಲದ ಲಾವಣಿ ಯಾರಿಗೆ, ಅಪ್ಪನ ಬಿಪಿ ಗುಳಿಗೆ ತರುವವರು ಯಾರು ಎಂಬುದು ತೀರ್ಮಾನವಾಗದೆ ಉಳಿದರೆ, ಸಿಗುವ ಹತ್ತು ನಿಮಿಷದ ಫೋನೂ ಜಗಳದಲ್ಲೇ ಮುಗಿಯುತ್ತದೆ. ನಮ್ಮ ಅವ್ವ "ಊಟ ಆತೇನೋ?" ಅಷ್ಟೇ ಕೇಳುತ್ತಿದ್ದಳು. ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ, ಉಳಿದವರಿಗೆ ಹೇಳಿಟ್ಟಿದ್ದೆ.

ಗುಟ್ಕಾ, ಸಿಗರೇಟು ಇದ್ದರೆ ಇವತ್ತೇ ಬಿಡಿ, ಅಲ್ಲಿ ಹೋಗಿ ಬಿಡುವ ಲೆಕ್ಕ ಹಾಕಬೇಡಿ. ಬೂಟು ಸಿಕ್ಕ ದಿನದಿಂದಲೇ ಬ್ಯಾರಕ್ಕಿನಲ್ಲಿ ಹಾಕಿಕೊಂಡು ಓಡಾಡಿ, ಹಿಮ್ಮಡಿ ಬೊಬ್ಬೆ ಏಳುವುದು ತಪ್ಪುತ್ತದೆ. ನಿದ್ದೆ ಹತ್ತದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವ ರಾತ್ರಿ ಯಾರಿಗಾದರೂ ಬಂದರೆ ಪಕ್ಕದ ಮಂಚದವನನ್ನು ಎಬ್ಬಿಸಿ, ಇಲ್ಲವೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.