ಹಗಲು ಹೊತ್ತು ನಮ್ಮದೇ ಆಗಲೆಂದು

ಊರಿನ ಮದುವೆಮನೆಗಳಲ್ಲಿ ನನ್ನನ್ನು ಬಹಳ ವರ್ಷ ಹಿಂಬಾಲಿಸಿದ ಪ್ರಶ್ನೆ ಒಂದೇ: ‘ಏನಮ್ಮಾ, ಇನ್ನೂ ಓದ್ತಾನೇ ಇದೀಯಾ?’ ಕೇಳುವವರಲ್ಲಿ ಕುಹಕವಿರಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ.ವರೆಗೂ ತರಗತಿಗೆ ಮೊದಲಿಗಳಾಗಿದ್ದ ಹುಡುಗಿ, ಜೊತೆಯವರೆಲ್ಲ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟ್ ಕೊಳ್ಳುವ ಕಾಲಕ್ಕೆ ಹಾಸ್ಟೆಲಿನಲ್ಲೇ ಇದ್ದಾಳಲ್ಲ ಎಂಬ ನಿಜವಾದ ಕಳವಳ ಅದು. ಈಗ ನನ್ನ ವಿದ್ಯಾರ್ಥಿಗಳೂ ಅದೇ ಪ್ರಶ್ನೆಯನ್ನು ಎದುರಿಸುತ್ತಿದ್ದಾರೆ.

ಹಣ ಬೇಡವೆಂದು ಸಂಶೋಧನೆಗೆ ಬಂದವರನ್ನು ನಾನು ಕಂಡಿಲ್ಲ. ಹಣ ಎಲ್ಲರಿಗೂ ಬೇಕು. ದಿನದ ಒಳ್ಳೆಯ ಹೊತ್ತನ್ನು ಯಾವುದಕ್ಕೆ ಕೊಡಬೇಕು ಎನ್ನುವಲ್ಲಿ ಮಾತ್ರ ಇವರ ಲೆಕ್ಕ ಬೇರೆ. ಸಿ.ವಿ. ರಾಮನ್ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಅಲ್ಲಿದ್ದಾಗಲೆಲ್ಲ ಕಚೇರಿಗೆ ಹೋಗುವ ಮುನ್ನ, ಕಚೇರಿ ಬಿಟ್ಟ ಮೇಲೆ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ಮಾಡುತ್ತಿದ್ದರು. ಹತ್ತು ವರ್ಷ ಹೀಗೆ ದುಡಿದು, 1917ರಲ್ಲಿ ಆ ಹುದ್ದೆ ಬಿಟ್ಟು, ಬಹಳ ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಬಿಟ್ಟ ಸಂಬಳಕ್ಕೆ ಬದಲಾಗಿ ಅವರಿಗೆ ಸಿಕ್ಕಿದ್ದು ಹಗಲು ಹೊತ್ತು. ನಾನು ಕಂಡ ಸಂಶೋಧಕರಲ್ಲಿ ಹೆಚ್ಚಿನವರು ಮಾಡಿದ್ದೂ ಇದೇ ವ್ಯಾಪಾರ.

ಸಿಕ್ಕ ಹಗಲಿನಲ್ಲಿ ನಡೆಯುವುದೇನು? ನನ್ನದು ಎಕ್ಸ್-ಕಿರಣಗಳ ನೆರವಿನಿಂದ ಪ್ರೋಟೀನುಗಳ ರಚನೆಯನ್ನು ಬಿಡಿಸುವ ಕೆಲಸ. ಮೊದಲು ಪ್ರೋಟೀನನ್ನು ಶುದ್ಧ ಮಾಡಿಕೊಂಡು ಹರಳುಗಟ್ಟಿಸಬೇಕು. ಇಪ್ಪತ್ನಾಲ್ಕು ಗುಳಿಗಳ ತಟ್ಟೆ. ಪ್ರತಿ ಗುಳಿಯಲ್ಲೂ ಬೇರೆ ಬೇರೆ ಹದದ ಲವಣದ್ರಾವಣ. ಅದರ ಮೇಲೆ ಮುಚ್ಚಿದ ತೆಳು ಗಾಜಿನ ಕೆಳಬದಿಗೆ ಅಂಟಿ ನೇತಾಡುವ ಒಂದು ಹನಿ ಪ್ರೋಟೀನು. ಹನಿಯಿಂದ ನೀರು ನಿಧಾನವಾಗಿ ಆವಿಯಾಗುತ್ತಾ ಹೋದಂತೆ, ಅದೃಷ್ಟವಿದ್ದರೆ, ಹರಳು ಮೂಡುತ್ತದೆ. ಹೆಚ್ಚಿನ ಹನಿಗಳು ತಿಳಿಯಾಗಿಯೇ ಉಳಿಯುತ್ತವೆ, ಇಲ್ಲವೇ ಗಷ್ಟುಗಟ್ಟುತ್ತವೆ. ವಾರಗಟ್ಟಲೆ ಕಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ಮಿನುಗಿದ್ದು ಬರೀ ಉಪ್ಪಿನ ಹರಳೂ ಆಗಿರಬಹುದು. ಎಕ್ಸ್-ಕಿರಣ ಹಾಯಿಸಿದ ಕೂಡಲೇ ಗುಟ್ಟು ರಟ್ಟಾಗುತ್ತದೆ: ಉಪ್ಪಾದರೆ ದೂರ ದೂರ ನಿಂತ ಕೆಲವೇ ಚುಕ್ಕಿಗಳು, ಪ್ರೋಟೀನಾದರೆ ಒತ್ತೊತ್ತಾಗಿ ನೂರಾರು. ದೊಡ್ಡ ಅಣುವಿನ ಹರಳಿನಲ್ಲಿ ಚುಕ್ಕಿಗಳು ಹತ್ತಿರ ಹತ್ತಿರ ಬೀಳುತ್ತವೆ.

ರ‍್ಯಾಂಕ್ ವಿದ್ಯಾರ್ಥಿ ಮೊದಲ ಸಲ ನಲುಗುವುದು ಇಲ್ಲಿಯೇ. ಪರೀಕ್ಷೆಯಲ್ಲಿ ಉತ್ತರ ಯಾರೋ ಒಬ್ಬರ ಕೈಯಲ್ಲಿ ಇದ್ದೇ ಇರುತ್ತದೆ. ಇಲ್ಲಿ ಮಾರ್ಗದರ್ಶಕರಿಗೂ ಗೊತ್ತಿಲ್ಲ. ನಮ್ಮ ಬ್ಯಾಚಿನ ಅತ್ಯಂತ ಚುರುಕಿನ ಹುಡುಗನಿಗೆ ಇದು ಒಗ್ಗಲಿಲ್ಲ. ಬಿಟ್ಟು ಕಂಪನಿ ಸೇರಿದ, ಸುಖವಾಗಿದ್ದಾನೆ, ಅವನು ಮಾಡಿದ್ದು ಸರಿಯೇ. ಉಳಿದವರು ಅವನಿಗಿಂತ ಜಾಣರಲ್ಲ. ಖಾಲಿ ಹನಿಗಳನ್ನೇ ತಿಂಗಳುಗಟ್ಟಲೆ ನೋಡಿದ ಮೇಲೂ ಬೆಳಗಾಗೆದ್ದರೆ ತಟ್ಟೆ ನೋಡಬೇಕು ಅನ್ನಿಸುವವರು, ಅಷ್ಟೇ. ಅಂಕಪಟ್ಟಿ ಇದನ್ನು ತೋರಿಸುವುದಿಲ್ಲ.

ಕೊನೆಗೊಮ್ಮೆ ನಮ್ಮ ಕಿಣ್ವದ ನಕಾಶೆ ಪರದೆಯ ಮೇಲೆ ತೆರೆದುಕೊಂಡಾಗ, ಅದು ಪುಟ್ಟ ಅಣುವೊಂದನ್ನು ಎಲ್ಲಿ, ಹೇಗೆ ಹಿಡಿದಿದೆ ಎಂಬುದು ಕಂಡಿತು. ಅದಕ್ಕೆ ಮುಂಚೆ ಯಾರೂ ನೋಡಿರದ ಸಂಗತಿ. ಆ ಸಂತೋಷವನ್ನು ಯಾವ ಸಂಬಳದ ಪಕ್ಕದಲ್ಲಿಟ್ಟು ಅಳೆಯಬೇಕೋ ನನಗೆ ತಿಳಿಯದು. ಡೊರೊತಿ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಚಿತ್ರವನ್ನು ಮೊದಲು ತೆಗೆದದ್ದು 1930ರ ದಶಕದ ನಡುವಿನಲ್ಲಿ. ರಚನೆ ಬಿಡಿಸಿದ್ದು 1969ರಲ್ಲಿ. ಆಗ ಅವರ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೇರೂರಿಸಿದರು. ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ, ಜೀವಶಾಸ್ತ್ರ ಕಲಿಯಲೆಂದು ಮತ್ತೆ ವಿದ್ಯಾರ್ಥಿಯಾಗಿ ಕೂತರು. ರೈಬೊಸೋಮಿನ ರಚನೆಗಾಗಿ ಅವರಿಗೆ 2009ರಲ್ಲಿ ನೊಬೆಲ್ ಬಂತು. ಹಾಗೆ ಕೂತಾಗ ಮುಂದೆ ಇಂಥದ್ದು ಕಾದಿದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು. ಪೆನ್ಷನ್ ಬರುತ್ತಿತ್ತು, ಮನೆಯ ಮೇಲೆ ಸಾಲವಿರಲಿಲ್ಲ. ಹಾಗಾಗಿ ನಾನು ಹನಿ ನೋಡುತ್ತಾ ಕೂರಬಹುದಿತ್ತು. ನನ್ನಷ್ಟೇ ಆಸೆಯಿದ್ದ ಗೆಳತಿಯೊಬ್ಬಳು ಬ್ಯಾಂಕಿನ ಕೆಲಸ ಹಿಡಿದಳು. ಇಬ್ಬರು ತಂಗಿಯರ ಓದು ಅವಳ ತಲೆಯ ಮೇಲಿತ್ತು. ಸಂಶೋಧನೆಗೆ ಬಂದವರ ಮನೋಬಲವನ್ನು ಹೊಗಳುವ ಮೊದಲು ಅವರ ಮನೆಯ ಸಾಲದ ಲೆಕ್ಕವನ್ನೂ ನೋಡಬೇಕು.

ಕೇಂದ್ರ ಸರ್ಕಾರದ ಜೂನಿಯರ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಸೀನಿಯರ್‌ಗೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ತಿಂಗಳು ತಿಂಗಳು ಕೈಸೇರಿದರೆ ಬೆಂಗಳೂರಿನಲ್ಲೂ ಬದುಕಬಹುದಾದ ಮೊತ್ತ. ಸೇರದಿದ್ದಾಗಿನ ಕಷ್ಟ ನನಗೆ ಗೊತ್ತು. ನನ್ನ ಫೆಲೋಶಿಪ್ ಹಲವು ತಿಂಗಳು ತಡವಾದಾಗ ಮೆಸ್ ಬಿಲ್ಲಿಗೆ ಸೀನಿಯರ್ ಒಬ್ಬರಿಂದ ಸಾಲ ಪಡೆದಿದ್ದೆ. ವಿಚಾರಿಸಿದರೆ, ನಿಮ್ಮಂಥವರು ದುಡ್ಡಿಗಾಗಿ ಬಂದವರಲ್ಲವಲ್ಲ ಎಂಬ ಉತ್ತರ ಬಂತು. ಸಂಶೋಧಕರಿಗೆ ಹಣದ ಆಸೆಯಿಲ್ಲ ಎಂಬ ಕತೆಯನ್ನು ನಾನು ವಿರೋಧಿಸುವುದು ಇದಕ್ಕೇ. ಆ ಕತೆ ತಡಮಾಡುವವರಿಗೆ ನೆಪ ಒದಗಿಸುತ್ತದೆ. ತಂಗಿಯರನ್ನು ಓದಿಸಬೇಕಾದ ಹುಡುಗಿಯನ್ನು ಬಾಗಿಲಲ್ಲೇ ತಡೆಯುತ್ತದೆ. ಫೆಲೋಶಿಪ್ ಕೊಡುವ ಸ್ಥಾನದಲ್ಲಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ: ನಿಮ್ಮ ಸಂಬಳ ಬರುವ ದಿನವೇ ವಿದ್ಯಾರ್ಥಿಗಳ ಖಾತೆಗೂ ಹಣ ಬೀಳಲಿ.